ನಿಂತದ್ದು ಉಸಿರೋ, ಮಾತೋ? ಒಂದು ಡಿಸ್ಕು ಮತ್ತು ಎರಡು ಸರ್ವರ್‌ಗಳ ಹಳೆಯ ತಕರಾರು

ಎರಡು ಸರ್ವರ್‌ಗಳು, ಎರಡಕ್ಕೂ ಸೇರಿ ಒಂದೇ ಸ್ಟೋರೇಜ್. ಮೊದಲನೆಯದು ಕೆಟ್ಟು ನಿಂತರೆ ಎರಡನೆಯದು ಆ ಡಿಸ್ಕುಗಳನ್ನು ವಹಿಸಿಕೊಂಡು ಕೆಲಸ ಮುಂದುವರಿಸುತ್ತದೆ. ಬ್ಯಾಂಕಿನ ಖಾತೆ, ಟಿಕೆಟ್ ಕಾಯ್ದಿರಿಸುವಿಕೆ, ಆಸ್ಪತ್ರೆಯ ದಾಖಲೆ ಎಲ್ಲದರ ಹಿಂದೆಯೂ ಎಲ್ಲೋ ಒಂದು ಕಡೆ ಈ ಏರ್ಪಾಟು ಇರುತ್ತದೆ. ಇದನ್ನು ಫೇಲ್‌ಓವರ್ ಎನ್ನುತ್ತಾರೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಷ್ಟವೆಲ್ಲ ವಹಿಸಿಕೊಳ್ಳುವುದರಲ್ಲಿದೆ ಎಂದು ನಾನು ತಿಳಿದಿದ್ದೆ. ನಿಜವಾದ ಕಷ್ಟ ಇರುವುದು ಹಳೆಯ ಸರ್ವರ್ ಡಿಸ್ಕಿನಿಂದ ಕೈ ತೆಗೆದಿದೆ ಎಂದು ಖಚಿತಪಡಿಸಿಕೊಳ್ಳುವುದರಲ್ಲಿ. ಸುಮಾರು ಐವತ್ತು ವರ್ಷಗಳಿಂದ ಈ ಕ್ಷೇತ್ರದವರು ಹೆಣಗಾಡುತ್ತಿರುವುದು ಆ ಒಂದು ವಿಷಯದ ಜೊತೆ.

ಎರಡೂ ಸರ್ವರ್‌ಗಳು ಏಕಕಾಲಕ್ಕೆ ಬರೆದರೆ ಏನಾಗುತ್ತದೆ? ಒಂದೇ ಊರಿನ ಲೆಕ್ಕವನ್ನು ಇಬ್ಬರು ಶಾನುಭೋಗರು ಒಬ್ಬರಿಗೊಬ್ಬರು ತಿಳಿಸದೆ ಒಂದೇ ಕಿರ್ದಿಯಲ್ಲಿ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ಬೆಳಿಗ್ಗೆ ಪುಸ್ತಕವನ್ನು ಒಮ್ಮೆ ನೋಡಿ, ಯಾವ ಹಾಳೆ ಖಾಲಿ ಇದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಎಕ್ಸ್ಟ್4, ಎಕ್ಸ್‌ಎಫ್‌ಎಸ್‌ನಂಥ ಸಾಮಾನ್ಯ ಫೈಲ್ ಸಿಸ್ಟಮ್‌ಗಳ, ಅಂದರೆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗಳ, ಸ್ವಭಾವವೂ ಇದೇ. ಡಿಸ್ಕಿನಲ್ಲಿ ಯಾವ ಜಾಗ ಖಾಲಿ ಎಂಬ ಪಟ್ಟಿಯನ್ನು ಅವು ಮೆಮೊರಿಯಲ್ಲಿ ಇಟ್ಟುಕೊಂಡು ಅದನ್ನೇ ನಂಬುತ್ತವೆ. ತನ್ನ ಹೊರತು ಇನ್ನೊಬ್ಬರು ಆ ಪಟ್ಟಿಯನ್ನು ಬದಲಾಯಿಸಬಹುದು ಎಂಬ ಅನುಮಾನವೇ ಅವುಗಳಿಗೆ ಇಲ್ಲ. ಹಾಗಾಗಿ ಡಿಸ್ಕಿನ ಒಂದೇ ತುಂಡನ್ನು, ಅಂದರೆ ಬ್ಲಾಕನ್ನು, ಎರಡು ಸರ್ವರ್‌ಗಳು ಎರಡು ಬೇರೆ ಫೈಲುಗಳಿಗೆ ಹಂಚುತ್ತವೆ. ಆ ಗಳಿಗೆಯಲ್ಲಿ ಯಾವ ತಪ್ಪಿನ ಸಂದೇಶವೂ ಬರುವುದಿಲ್ಲ. ಕೆಲವು ಗಂಟೆಗಳ ನಂತರವೋ ಮರುದಿನವೋ ಡೇಟಾಬೇಸ್ ತನ್ನ ಪುಟಗಳಲ್ಲಿ ಬೇರೆ ಯಾರದೋ ಅಕ್ಷರಗಳನ್ನು ಕಂಡು ನಿಂತುಬಿಡುತ್ತದೆ. ಸರ್ವರ್ ನಿಂತರೆ ಸೇವೆ ಕೆಲಕಾಲ ಇರುವುದಿಲ್ಲ, ಅಷ್ಟೇ. ಇಲ್ಲಿ ಮಾತ್ರ ಹೋಗುವುದು ದಾಖಲೆಯೇ.

ಮೊದಲು ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಟ್ಯಾಂಡಮ್ ಕಂಪ್ಯೂಟರ್ಸ್ ಮುಖ್ಯವಾದದ್ದು. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಕಂಪನಿ ತನ್ನ ಮೊದಲ ನಾನ್‌ಸ್ಟಾಪ್ ಯಂತ್ರವನ್ನು 1976ರಲ್ಲಿ ಸಿಟಿಬ್ಯಾಂಕಿಗೆ ಕಳುಹಿಸಿತು. ಅದರಲ್ಲಿ ಪ್ರತಿ ಡಿಸ್ಕ್ ಕಂಟ್ರೋಲರಿಗೂ ಎರಡು ಬಾಗಿಲು, ಎರಡು ಪ್ರೊಸೆಸರ್‌ಗಳ ಕಡೆಗೆ. ಆದರೆ ಒಡೆತನ ಒಂದು ಹೊತ್ತಿಗೆ ಒಬ್ಬರದೇ. ಪ್ರತಿ ಪ್ರೊಸೆಸರ್ ಸೆಕೆಂಡಿಗೊಮ್ಮೆ ‘ನಾನು ಬದುಕಿದ್ದೇನೆ’ ಎಂಬ ಸಂದೇಶವನ್ನು ಉಳಿದವರಿಗೆ ಕಳುಹಿಸುತ್ತಿತ್ತು. ಎರಡು ಸೆಕೆಂಡಿಗೊಮ್ಮೆ ಲೆಕ್ಕ ನೋಡಿದಾಗ ಯಾರ ಸಂದೇಶ ಬಂದಿಲ್ಲವೋ ಅವರು ಸತ್ತರೆಂದು ಪರಿಗಣಿಸಲಾಗುತ್ತಿತ್ತು. ಇಂದಿನ ಕ್ಲಸ್ಟರ್‌ಗಳ, ಅಂದರೆ ಒಂದಾಗಿ ದುಡಿಯುವ ಸರ್ವರ್ ಗುಂಪುಗಳ, ಹಾರ್ಟ್‌ಬೀಟ್ ಇದರದೇ ಸಂತಾನ. ಟ್ಯಾಂಡಮ್‌ನಲ್ಲಿ ಪ್ರೊಸೆಸರ್‌ಗಳೆಲ್ಲ ಒಂದೇ ಕಂಪನಿ ಕಟ್ಟಿದ ಒಂದೇ ಯಂತ್ರದೊಳಗೆ, ಬಸ್ ಎಂಬ ಜೋಡಿ ಸಂಪರ್ಕ ತಂತಿಗಳ ಮೇಲೆ ಇದ್ದುದರಿಂದ ಮೌನವನ್ನು ಸಾವೆಂದು ನಂಬಲು ಒಂದಿಷ್ಟು ಆಧಾರವಿತ್ತು. ಬೇರೆ ಬೇರೆ ಪೆಟ್ಟಿಗೆಗಳನ್ನು ಕೇಬಲ್ಲಿನಿಂದ ಜೋಡಿಸಲು ಹೊರಟಾಗ ಆ ಆಧಾರ ತಪ್ಪಿತು. ಕೇಬಲ್ ಕಿತ್ತರೂ ಮೌನ, ಸರ್ವರ್ ಸತ್ತರೂ ಮೌನ. ಈ ಕಡೆ ನಿಂತವನಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಇಂಥ ಸಂದರ್ಭದಲ್ಲಿ ಇಬ್ಬರೂ ತಾವೇ ಯಜಮಾನರೆಂದುಕೊಳ್ಳುವ ಸ್ಥಿತಿಗೆ ಸ್ಪ್ಲಿಟ್ ಬ್ರೇನ್ ಎಂಬ ಹೆಸರು ಬಿದ್ದಿದೆ. 1983ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಪ್ರಕಟಿಸಿದ ವ್ಯಾಕ್ಸ್‌ಕ್ಲಸ್ಟರ್ ಇದಕ್ಕೆ ಮತದಾನದ ಪರಿಹಾರ ತಂದಿತು. ನಮ್ಮ ವಿಧಾನಸಭೆಯ ಸುದ್ದಿಗಳಲ್ಲಿ ಕೇಳುವ ಕೋರಂ ಎಂಬ ಪದವನ್ನೇ ಅವರು ಬಳಸಿದರು. ಪ್ರತಿ ಸರ್ವರಿಗೂ ಮತ. ಬಹುಮತ ಇರುವ ಗುಂಪು ಮಾತ್ರ ಡಿಸ್ಕ್ ಮುಟ್ಟಬಹುದು, ಕೋರಂ ಇಲ್ಲದ ಗುಂಪು ಇದ್ದಲ್ಲಿಯೇ ಸ್ತಬ್ಧವಾಗಬೇಕು. ಎರಡೇ ಸರ್ವರ್ ಇರುವಲ್ಲಿ ಬಹುಮತ ಎಲ್ಲಿಂದ ಬರಬೇಕು? ಅದಕ್ಕಾಗಿ ಒಂದು ಡಿಸ್ಕಿಗೂ ಮತ ಕೊಟ್ಟರು. ಕೋರಂ ಡಿಸ್ಕ್ ಹುಟ್ಟಿದ್ದು ಹೀಗೆ. ಜೊತೆಗೆ ಈಗ ಬರೆಯುವ ಸರದಿ ಯಾರದು ಎಂದು ಹೇಳುವ, ಎಲ್ಲ ಸರ್ವರ್‌ಗಳೂ ಒಪ್ಪುವ ಲಾಕ್ ವ್ಯವಸ್ಥೆ ಇದ್ದುದರಿಂದ ಅಲ್ಲಿ ಹಲವು ಯಂತ್ರಗಳು ನಿಜಕ್ಕೂ ಒಂದೇ ಫೈಲ್ ಸಿಸ್ಟಮ್‌ಗೆ ಒಟ್ಟಿಗೆ ಬರೆಯಬಹುದಿತ್ತು. ನಾಲ್ಕು ದಶಕಗಳ ಹಿಂದಿನ ಆ ವಿನ್ಯಾಸವನ್ನು ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಲಿನಕ್ಸ್‌ನ ಜಿಎಫ್‌ಎಸ್2, ಒಸಿಎಫ್‌ಎಸ್2 ಎಂಬ ಫೈಲ್ ಸಿಸ್ಟಮ್‌ಗಳು ನಡೆಯುತ್ತಿರುವುದೂ ಅದೇ ಬಗೆಯ ಹಂಚಿಕೆಯ ಲಾಕ್‌ಗಳ ಮೇಲೆ.

ಆದರೂ ಮತದಾನದಲ್ಲಿ ಒಂದು ದೌರ್ಬಲ್ಯವಿದೆ. ಸೋತವನು ತಾನು ಸೋತೆನೆಂದು ಒಪ್ಪಿ ಸುಮ್ಮನಿರುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ನಲವತ್ತು ಸೆಕೆಂಡು ಮರಗಟ್ಟಿ ಮತ್ತೆ ಎಚ್ಚೆತ್ತ ಸರ್ವರಿಗೆ ನಡುವೆ ಸಮಯ ಸರಿದದ್ದೇ ತಿಳಿದಿರುವುದಿಲ್ಲ. ಅದರ ಕೈಯಲ್ಲಿ ಅರ್ಧ ಮುಗಿದ ಬರಹ ಇರುತ್ತದೆ. ಎಚ್ಚೆತ್ತ ಕೂಡಲೇ ಅದನ್ನು ಡಿಸ್ಕಿಗೆ ಇಳಿಸಿಬಿಡುತ್ತದೆ. ಅಷ್ಟರಲ್ಲಿ ಆ ಡಿಸ್ಕು ಇನ್ನೊಬ್ಬರ ಪಾಲಾಗಿರುತ್ತದೆ. 1991ರಲ್ಲಿ ಬಂದ ಐಬಿಎಂನ ಎಚ್‌ಎಸಿಎಂಪಿ ಇದನ್ನು ಬಲ್ಲವರು ಕಟ್ಟಿದ ಕ್ಲಸ್ಟರ್ ವ್ಯವಸ್ಥೆ. ನೆಟ್‌ವರ್ಕ್ ಒಂದನ್ನೇ ನಂಬದೆ ಸೀರಿಯಲ್ ಕೇಬಲ್ ಮೂಲಕವೂ ನಾಡಿ ನೋಡುವ ದಾರಿ ಅದರಲ್ಲಿತ್ತು. ತಡವಾಗಿ ಎಚ್ಚೆತ್ತ ಯಂತ್ರ ಡಿಸ್ಕನ್ನು ಮುಟ್ಟುವ ಮೊದಲೇ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವಂತೆ ಡೆಡ್‌ಮ್ಯಾನ್ ಸ್ವಿಚ್ ಎಂಬ ಏರ್ಪಾಟನ್ನು ಕರ್ನಲ್ಲಿನೊಳಗೇ ಇಟ್ಟಿದ್ದರು.

ಸೋತವನ ಸಜ್ಜನಿಕೆಯನ್ನು ನೆಚ್ಚುವ ಬದಲು ಡಿಸ್ಕೇ ಅವನನ್ನು ಹೊರಗೆ ನಿಲ್ಲಿಸಬಾರದೇ? ಸ್ಕಸಿ ಎಂಬ ಸಂಪರ್ಕ ಮಾನದಂಡದ ಡಿಸ್ಕುಗಳಿಗೆ ಮೊದಲಿನಿಂದಲೂ ರಿಸರ್ವ್ ಎಂಬ ಆದೇಶ ಇತ್ತು. ಒಂದು ಸರ್ವರ್ ಡಿಸ್ಕನ್ನು ಕಾಯ್ದಿರಿಸಿದರೆ ಉಳಿದವರಿಗೆ ‘ರಿಸರ್ವೇಷನ್ ಕಾನ್‌ಫ್ಲಿಕ್ಟ್’ ಎಂಬ ನಿರಾಕರಣೆ ಸಿಗುತ್ತದೆ. ತೊಂದರೆ ಏನೆಂದರೆ, ಡಿಸ್ಕು ಸರ್ವರ್‌ಗಳನ್ನು ಜೋಡಿಸುವ ಬಸ್ ರೀಸೆಟ್ ಆದರೆ ಆ ಕಾಯ್ದಿರಿಸುವಿಕೆ ಅಳಿಸಿಹೋಗುತ್ತಿತ್ತು. 1997ರಲ್ಲಿ ವಿಂಡೋಸ್ ಎನ್‌ಟಿ 4.0 ಎಂಟರ್‌ಪ್ರೈಸ್ ಆವೃತ್ತಿಯೊಂದಿಗೆ ಬಂದ ಮೈಕ್ರೋಸಾಫ್ಟ್ ಕ್ಲಸ್ಟರ್ ಸರ್ವರ್, ಅಂದರೆ ವುಲ್ಫ್‌ಪ್ಯಾಕ್, ಈ ಕೊರತೆಯನ್ನೇ ಉಪಾಯವಾಗಿ ಬಳಸಿಕೊಂಡಿತು. ಕೋರಂ ಡಿಸ್ಕಿನ ಒಡೆಯ ಮೂರು ಸೆಕೆಂಡಿಗೊಮ್ಮೆ ತನ್ನ ಕಾಯ್ದಿರಿಸುವಿಕೆಯನ್ನು ನವೀಕರಿಸುತ್ತಾನೆ. ಸವಾಲು ಹಾಕುವವನು ಬಸ್ಸನ್ನು ರೀಸೆಟ್ ಮಾಡಿ, ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಕಾಯುತ್ತಾನೆ. ಒಡೆಯ ಬದುಕಿದ್ದರೆ ಅಷ್ಟರಲ್ಲಿ ಮತ್ತೆ ಕಾಯ್ದಿರಿಸಿಕೊಂಡಿರುತ್ತಾನೆ. ಇಲ್ಲವಾದರೆ ಡಿಸ್ಕು ಸವಾಲುಗಾರನಿಗೆ. ನೆಟ್‌ವರ್ಕ್ ಕೇಬಲ್ ಕಿತ್ತುಹೋಗಿದ್ದರೂ ಇಬ್ಬರೂ ಡಿಸ್ಕಿನ ಮೂಲಕವೇ ಮಾತಾಡಿಕೊಂಡಂತೆ ಇದು. ಒಂದೇ ಕೇಬಲ್ಲಿನ ಕಾಲಕ್ಕೆ ಚೆನ್ನಾಗಿ ಒಗ್ಗಿದ ಉಪಾಯ. ಫೈಬರ್ ಚಾನೆಲ್ ಸ್ಯಾನ್, ಅಂದರೆ ಸ್ಟೋರೇಜಿಗೆಂದೇ ಇರುವ ಜಾಲ, ಬಂದು, ಒಂದೇ ಸ್ಟೋರೇಜಿಗೆ ಹತ್ತಾರು ಸರ್ವರ್‌ಗಳು ಅಂಟಿಕೊಂಡು, ಪ್ರತಿ ಸರ್ವರಿನಿಂದ ಎರಡು ನಾಲ್ಕು ದಾರಿಗಳು ಹೊರಟಾಗ ರೀಸೆಟ್ ಎಂಬುದು ಪಕ್ಕದವರ ಕೆಲಸವನ್ನೂ ಕೆಡಿಸುವ ಉಪದ್ರವವಾಯಿತು. ಒಂದು ದಾರಿಯಲ್ಲಿ ಕಾಯ್ದಿರಿಸಿದ ಡಿಸ್ಕು ಅದೇ ಸರ್ವರಿನ ಎರಡನೆಯ ದಾರಿಗೆ ಬಾಗಿಲು ಮುಚ್ಚುತ್ತಿತ್ತು.

ಸ್ಕಸಿ-3ರಲ್ಲಿ ಬಂದ ಪರ್ಸಿಸ್ಟೆಂಟ್ ರಿಸರ್ವೇಷನ್ ಈ ಕಥೆಯ ನಿಜವಾದ ತಿರುವು. ಇದರಲ್ಲಿ ಪ್ರತಿ ಸರ್ವರ್ ತನ್ನ ಎಲ್ಲ ದಾರಿಗಳಿಂದಲೂ ಒಂದು ಕೀಲಿಯನ್ನು ಡಿಸ್ಕಿನಲ್ಲಿ ನೋಂದಾಯಿಸುತ್ತದೆ. ನೋಂದಾಯಿತರಿಗೆ ಮಾತ್ರ ಬರೆಯುವ ಹಕ್ಕು. ಯಾವುದಾದರೂ ಸರ್ವರ್ ಮೌನವಾದರೆ ಉಳಿದವು ಅದರ ಕೀಲಿಯನ್ನು ಕಿತ್ತುಹಾಕುತ್ತವೆ, ಸಾಲಿನಲ್ಲಿ ಕಾಯುತ್ತಿರುವ ಅದರ ಆದೇಶಗಳೂ ಆಗಲೇ ರದ್ದಾಗುತ್ತವೆ. ರೀಸೆಟ್ ಆದರೂ ಈ ನೋಂದಣಿ ಅಳಿಯುವುದಿಲ್ಲ. ನಲವತ್ತು ಸೆಕೆಂಡು ನಿದ್ದೆ ಹೋದ ಆ ಸರ್ವರ್ ಈಗ ಎದ್ದು ಬರೆಯಲು ಬಂದರೆ ಡಿಸ್ಕೇ ‘ನಿನಗೆ ಇಲ್ಲಿ ಹಕ್ಕಿಲ್ಲ’ ಎಂದು ಕಳುಹಿಸುತ್ತದೆ. ಅದು ಸತ್ತಿದೆಯೋ ಬದುಕಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗದೆಯೂ ದಾಖಲೆ ಉಳಿಯುವುದು ಇಲ್ಲಿ ಸಾಧ್ಯವಾಯಿತು. ವಿಂಡೋಸ್ 2008ರ ಆವೃತ್ತಿಯಲ್ಲಿ ಹಳೆಯ ಸವಾಲಿನ ಪದ್ಧತಿಯನ್ನು ಬಿಟ್ಟು ಇದಕ್ಕೆ ಬಂದಿತು.

ಲಿನಕ್ಸ್ ಲೋಕ ಹಿಡಿದ ದಾರಿ ಇನ್ನಷ್ಟು ಒರಟಾದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದ ಲಿನಕ್ಸ್-ಎಚ್‌ಎ ಯೋಜನೆಯ ಹಾರ್ಟ್‌ಬೀಟ್ ಎಂಬ ತಂತ್ರಾಂಶ, ಅದರಿಂದ ಕವಲೊಡೆದ ಪೇಸ್‌ಮೇಕರ್ ಇವುಗಳಲ್ಲಿ ಮೌನವಾದ ಸರ್ವರನ್ನು ಡಿಸ್ಕಿನಿಂದ ದೂರವಿಡುವ, ಬೇಲಿ ಹಾಕುವ ಈ ಕೆಲಸಕ್ಕೆ ಸ್ಟೊನಿತ್ ಎಂದು ಹೆಸರು. ಎದುರಿನ ಯಂತ್ರದ ತಲೆಗೇ ಗುಂಡು ಹೊಡೆ ಎಂಬುದು ಅದರ ವಿಸ್ತಾರ. ಅಂದರೆ ಸರ್ವರನ್ನು ದೂರದಿಂದ ಆಫ್ ಮಾಡಲು ಬಿಡುವ ಐಪಿಎಂಐ ಮೂಲಕವೋ ದೂರದಿಂದ ನಿಯಂತ್ರಿಸುವ ಪವರ್ ಸ್ವಿಚ್ ಮೂಲಕವೋ ಅದರ ವಿದ್ಯುತ್ತನ್ನೇ ಕಡಿಯುವುದು. ಸತ್ತಿದೆಯೇ ಎಂಬ ಅನುಮಾನವೇ ಬೇಡ, ಸತ್ತಿದೆ ಎಂಬಂತೆ ಮಾಡಿಬಿಡು ಎಂಬ ತರ್ಕ. ಇದರಲ್ಲೂ ಒಂದು ಹಳ್ಳವಿದೆ, ಬಹಳ ಮಂದಿ ಬಿದ್ದ ಹಳ್ಳ. ಐಪಿಎಂಐ ಚಿಪ್ ಇರುವುದು ಅದೇ ಸರ್ವರಿನೊಳಗೆ, ಅದೇ ವಿದ್ಯುತ್ತಿನಲ್ಲಿ. ಸರ್ವರಿನ ವಿದ್ಯುತ್ ಪೂರ್ತಿ ಹೋದರೆ ಚಿಪ್ಪೂ ಉತ್ತರಿಸುವುದಿಲ್ಲ. ಕೊಂದದ್ದು ಖಚಿತವಾಗದೆ ಬದುಕಿರುವ ಸರ್ವರ್ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಇಡಬಾರದು ಕೂಡ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತ ಎಂಜಿನಿಯರ್‌ಗೆ ಅದು ಹಟಮಾರಿತನದಂತೆ ಕಾಣುತ್ತದೆ, ಸ್ಟೊನಿತ್ ಅನ್ನು ಆಫ್ ಮಾಡಿಬಿಡುತ್ತಾರೆ. ಕಲಿಯುವವರಿಗಾಗಿ ಬರೆದ ಎಷ್ಟೋ ಪಾಠಗಳ ಮೊದಲ ಹಂತವೂ ಅದನ್ನು ಆಫ್ ಮಾಡುವುದೇ ಆಗಿದೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿದ ಒಂದು ಕಡೆ ಹಾಗೆ ಆಫ್ ಮಾಡಿಟ್ಟ ಜೋಡಿ ಸರ್ವರ್‌ಗಳು ಒಂದು ಸ್ವಿಚ್ ಕೆಟ್ಟ ದಿನ ಒಂದೇ ಎಕ್ಸ್‌ಎಫ್‌ಎಸ್ ವಾಲ್ಯೂಮನ್ನು ಎರಡೂ ಮೌಂಟ್ ಮಾಡಿಕೊಂಡಿದ್ದವು, ಅಂದರೆ ಬಳಕೆಗೆ ತೆರೆದುಕೊಂಡಿದ್ದವು. ಬ್ಯಾಕಪ್ಪಿನಿಂದ ಮರಳಿ ಕಟ್ಟಲು ಮೂರು ದಿನ ಹಿಡಿಯಿತು. ಬ್ಯಾಕಪ್ ಆದ ನಂತರ ಬಂದ ದಾಖಲೆಗಳು ಮರಳಲೇ ಇಲ್ಲ.

ಬೇಲಿ ಇದ್ದರೆ ಸಾಕೆಂದೂ ಅಲ್ಲ, ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಯೂ ಇದೆ. 2012ರ ಡಿಸೆಂಬರ್ 22ರಂದು ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ಸ್ವಿಚ್‌ಗಳ ಕೆಲಸ ನಡೆಯುವಾಗ ಸುಮಾರು ತೊಂಬತ್ತು ಸೆಕೆಂಡು ಸಂಚಾರ ನಿಂತಿತು. ಅಲ್ಲಿನ ಫೈಲ್ ಸರ್ವರ್‌ಗಳು ಜೋಡಿ ಜೋಡಿಯಾಗಿದ್ದವು. ಹಂಚಿಕೊಂಡ ಡಿಸ್ಕಿನ ಬದಲು ಡಿಆರ್‌ಬಿಡಿ ಎಂಬ ತಂತ್ರಾಂಶದಿಂದ ಒಂದರ ಡಿಸ್ಕು ಇನ್ನೊಂದರಲ್ಲಿ ಪ್ರತಿಬಿಂಬವಾಗುತ್ತಿತ್ತು. ಪ್ರಶ್ನೆ ಮಾತ್ರ ಅದೇ. ಮೌನ ಹಾರ್ಟ್‌ಬೀಟ್‌ನ ಮಿತಿ ಮೀರಿತು. ನೆಟ್‌ವರ್ಕ್ ಮರಳಿದಾಗ ಕೆಲವು ಜೋಡಿಗಳಲ್ಲಿ ಇಬ್ಬರೂ ತಾವೇ ಯಜಮಾನರೆಂದು ನಿಂತಿದ್ದರು, ಒಬ್ಬರು ಇನ್ನೊಬ್ಬರ ವಿದ್ಯುತ್ ಕಡಿದರು. ಯಾರ ಬಳಿಯ ಪ್ರತಿ ಹೊಸದು ಎಂದು ಒಂದೊಂದೇ ಜೋಡಿಯನ್ನು ನೋಡುವವರೆಗೆ ಸೈಟನ್ನು ಗಂಟೆಗಟ್ಟಲೆ ಮುಚ್ಚಿಡಬೇಕಾಯಿತು. ಮುಚ್ಚಿಟ್ಟದ್ದು ಸರಿಯಾದ ನಿರ್ಧಾರ ಎಂಬುದೇ ನನ್ನ ಅಭಿಪ್ರಾಯ. ಇಂಥ ಪರಸ್ಪರ ಕೊಲೆ ತಪ್ಪಿಸಲು ಈಗ ಒಂದು ಸರ್ವರಿನ ಬೇಲಿಗೆ ಕೆಲವು ಸೆಕೆಂಡು ತಡ ಇಡುತ್ತಾರೆ, ಅಥವಾ ಮೂರನೆಯ ಕಡೆ ಒಂದು ಸಣ್ಣ ಸಾಕ್ಷಿ ಯಂತ್ರಕ್ಕೆ ಮತ ಕೊಡುತ್ತಾರೆ.

ಕ್ಲೌಡ್‌ನಲ್ಲೂ ಹಳೆಯ ಕೀಲಿಗಳೇ ಹೊಸ ಹೆಸರಿನಲ್ಲಿ ಬಂದಿವೆ. ಎನ್‌ವಿಎಂಇ ಎಂಬ ಹೊಸ ಬಗೆಯ ವೇಗದ ಡಿಸ್ಕುಗಳಿಗೆ 2012ರ 1.1 ಆವೃತ್ತಿಯಿಂದ ರಿಸರ್ವೇಷನ್ ಇದೆ, ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಆಜೂರ್‌ನ ಹಂಚಿಕೆಯ ಡಿಸ್ಕುಗಳು ಸ್ಕಸಿಯ ಪರ್ಸಿಸ್ಟೆಂಟ್ ರಿಸರ್ವೇಷನ್ ಅನ್ನೇ ಒಪ್ಪುತ್ತವೆ.

ಇಷ್ಟೆಲ್ಲ ಆದರೂ ಕೊನೆಯ ಒಂದು ಜಾಗ ಮನುಷ್ಯನಿಗೇ ಉಳಿದಿದೆ. ಟ್ಯಾಂಡಮ್‌ನಲ್ಲಿದ್ದ ಜಿಮ್ ಗ್ರೇ ತಮ್ಮ ಯಂತ್ರಗಳು ಏಕೆ ನಿಲ್ಲುತ್ತವೆ ಎಂದು 1985ರಲ್ಲಿ ಲೆಕ್ಕ ಹಾಕಿದಾಗ ಶೇ. 42ರಷ್ಟು ವೈಫಲ್ಯಗಳು ನಿರ್ವಹಣೆಯ ಕೈಯಿಂದ ಆದವು, ಹಾರ್ಡ್‌ವೇರಿನ ಪಾಲು ಶೇ. 18 ಮಾತ್ರ. ಇಂದಿಗೂ ಎಲ್ಲ ಬೇಲಿಗಳೂ ವಿಫಲವಾದಾಗ ಪೇಸ್‌ಮೇಕರ್ ಕ್ಲಸ್ಟರ್ ಕಾಯುತ್ತಾ ನಿಲ್ಲುತ್ತದೆ. ‘ಪಿಸಿಎಸ್ ಸ್ಟೊನಿತ್ ಕನ್‌ಫರ್ಮ್’ ಎಂಬ ಆದೇಶ ಬರೆದು, ಆ ಸರ್ವರ್ ಆಫ್ ಆಗಿದೆ ಎಂದು ಯಾರಾದರೂ ಖಾತ್ರಿ ಕೊಡಬೇಕು. ಆಫ್ ಆಗಿಲ್ಲದಿದ್ದರೆ ದಾಖಲೆ ಕೆಡಬಹುದು ಎಂದು ಎಚ್ಚರಿಸಿ, ಮುಂದುವರಿಯಲು ಖಚಿತವೇ ಎಂದು ಅದು ಕೇಳುತ್ತದೆ. ಆ ಪ್ರಶ್ನೆ ಬಂದಾಗಲೆಲ್ಲ ನಾನು ಡೇಟಾ ಸೆಂಟರಿಗೆ ಫೋನ್ ಮಾಡುತ್ತೇನೆ. ಅಲ್ಲಿರುವವರು ರ‍್ಯಾಕಿನ ಹಿಂದೆ ಹೋಗಿ, ಎರಡೂ ವಿದ್ಯುತ್ ವೈರುಗಳನ್ನು ಕಿತ್ತು, ದೀಪ ಆರಿದ್ದನ್ನು ನೋಡಿ ಬಾಯಿ ಬಿಟ್ಟು ಹೇಳುವವರೆಗೆ ಕಾಯುತ್ತೇನೆ. ಆಮೇಲೆ ‘ಹೌದು’ ಒತ್ತುತ್ತೇನೆ.