ಕಾರ್ಡಿನಲ್ಲಿ ಸ್ವಲ್ಪ ಬಾಕಿ ಉಳಿಸಿದರೆ ಸ್ಕೋರ್ ಏರುತ್ತದೆಯೇ?

ಪ್ರಶ್ನೆ: ಸಾಲದ ಕಂತು ತಪ್ಪಿ ನನ್ನ ಕ್ರೆಡಿಟ್ ಸ್ಕೋರ್ ಕೆಟ್ಟಿದೆ. ಕ್ರೆಡಿಟ್ ಕಾರ್ಡ್ ಬಳಸಿ ಸರಿಮಾಡಿಕೊಳ್ಳಬಹುದು ಅಂತಾರೆ. ಆದರೆ ಬಿಲ್ ಪೂರ್ತಿ ಕಟ್ಟಿಬಿಟ್ಟರೆ ಸ್ಕೋರ್ ಏರೋದಿಲ್ಲ, ಪ್ರತಿ ತಿಂಗಳು ಸ್ವಲ್ಪ ಬಾಕಿ ಉಳಿಸಬೇಕಂತೆ. ಹೌದಾ?

ಉತ್ತರ: ಕಾರ್ಡಿನಿಂದ ಸರಿಮಾಡಿಕೊಳ್ಳಬಹುದು, ನಿಜ. ಬಾಕಿ ಉಳಿಸಬೇಕು ಅನ್ನುವುದು ಮಾತ್ರ ಶುದ್ಧ ಸುಳ್ಳು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಖಾತೆ ತೆರೆದದ್ದು ಯಾವಾಗ, ಮಿತಿ ಎಷ್ಟು, ಬಾಕಿ ಎಷ್ಟು, ಯಾವ ತಿಂಗಳು ಕಟ್ಟುವುದು ತಡವಾಯಿತು ಎಂಬುದೆಲ್ಲ ಇರುತ್ತದೆ. ನೀವು ಎಷ್ಟು ಬಡ್ಡಿ ಕಟ್ಟಿದಿರಿ ಎಂಬ ಕಾಲಂ ಮಾತ್ರ ಇರುವುದಿಲ್ಲ. ರಿಪೋರ್ಟಿನಲ್ಲೇ ಇಲ್ಲದ ಬಡ್ಡಿ ಸ್ಕೋರನ್ನು ಏರಿಸುವುದಾದರೂ ಹೇಗೆ?

ಜನ ಎಡವುವ ಜಾಗ ಬೇರೆ ಇದೆ. ಸಾಮಾನ್ಯವಾಗಿ ಬಿಲ್ ಜನರೇಟ್ ಆದ ದಿನದ ಬಾಕಿಯೇ ಬ್ಯೂರೋಗೆ, ಅಂದರೆ ಈ ರಿಪೋರ್ಟ್ ಇಟ್ಟು ಸ್ಕೋರ್ ಕೊಡುವ ಸಂಸ್ಥೆಗೆ, ಹೋಗುತ್ತದೆ. ಕಟ್ಟಲು ಕೊನೆಯ ದಿನ ಬರುವುದು ಅದಾದ ಎರಡು ಮೂರು ವಾರಕ್ಕೆ. ಅಂದರೆ ನೀವು ಬಿಲ್ಲನ್ನು ಪೂರ್ತಿ ಕಟ್ಟಿದ್ದರೂ ರಿಪೋರ್ಟಿನಲ್ಲಿ ಒಂದು ಬಾಕಿ ಕಾಣುತ್ತದೆ, ಕಾರ್ಡ್ ಬಳಕೆಯಲ್ಲಿದೆ ಎಂಬುದಕ್ಕೆ ಅಷ್ಟೇ ಸಾಕು. ರಿಪೋರ್ಟಿನಲ್ಲಿ ಬಾಕಿ ಕಾಣುವುದೇ ಬೇರೆ, ಕೊನೆಯ ದಿನ ದಾಟಿದ ಮೇಲೂ ಬಾಕಿ ಉಳಿಸಿಕೊಳ್ಳುವುದೇ ಬೇರೆ. ಇವೆರಡನ್ನೂ ಕಲಸಿ ಯಾರೋ ಹುಟ್ಟಿಸಿದ ಸಲಹೆ ಇದು.

ಉಳಿಸಿದರೆ ಏನಾಗುತ್ತದೆ? ಬಡ್ಡಿಯಿಲ್ಲದ ಅವಧಿ ಕೈಬಿಟ್ಟು ಹೋಗುತ್ತದೆ. ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ. ತಿಂಗಳಿಗೆ 3% ಅಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ 42% ದಾಟುತ್ತದೆ. ಆ ದರದಲ್ಲಿ ಬರೀ 5% ಮಿನಿಮಮ್ ಡ್ಯೂ (ಪ್ರತಿ ಬಿಲ್ಲಿಗೆ ಕನಿಷ್ಠ ಕಟ್ಟಲೇಬೇಕಾದ ಮೊತ್ತ) ಕಟ್ಟುತ್ತಾ ಹೋದರೆ, ಒಂದು ಪೈಸೆಯ ಹೊಸ ಖರ್ಚು ಇಲ್ಲದಿದ್ದರೂ ಸಾಲ ಅರ್ಧಕ್ಕೆ ಇಳಿಯಲು ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ಮಿನಿಮಮ್ ಕಟ್ಟಿದರೆ 'ತಡ' ಎಂಬ ಗುರುತು ತಪ್ಪುತ್ತದೆ, ನಿಜ. ಆದರೆ ಹೊಸ ಖರ್ಚೂ ಸೇರಿ ಬಾಕಿ ಬೆಳೆದು ಮಿತಿಯ ಹತ್ತಿರ ಬಂದಾಗ ಸ್ಕೋರ್ ಇಳಿಯುತ್ತದೆ. ಏರಿಸಲು ಹೊರಟವರು ದುಡ್ಡು ಕೊಟ್ಟು ಇಳಿಸಿಕೊಂಡಂತಾಯಿತು.

ಹಾಗಾದರೆ ಮಾಡಬೇಕಾದ್ದು ಏನು? ಹಳೇ ಸುಸ್ತಿ ಇನ್ನೂ ಇದ್ದರೆ ಮೊದಲು ಅದನ್ನು ತೀರಿಸಿ, ಹೊಸ ಕಾರ್ಡ್ ಅದನ್ನು ಮುಚ್ಚಿಹಾಕುವುದಿಲ್ಲ. ಮಾಮೂಲಿ ಕಾರ್ಡ್ ಸಿಗದಿದ್ದರೆ ಠೇವಣಿ ಇಟ್ಟು ಪಡೆಯುವ ಕಾರ್ಡ್ ತೆಗೆದುಕೊಳ್ಳಿ, ಬ್ಯೂರೋಗೆ ವರದಿಯಾಗುತ್ತದೆಯೇ ಎಂದು ಮೊದಲೇ ಕೇಳಿ. ಹತ್ತು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ದಾಖಲಾಗುತ್ತದೆ. ಮೊಬೈಲ್ ಬಿಲ್ಲಿನಂಥ ಒಂದೇ ಒಂದು ಸಣ್ಣ ಖರ್ಚನ್ನು ಕಾರ್ಡಿಗೆ ಕಟ್ಟಿಹಾಕಿ. ನಗದು ತೆಗೆಯಲೇಬೇಡಿ, ಅದಕ್ಕೆ ಬಡ್ಡಿಯಿಲ್ಲದ ಅವಧಿಯೇ ಇರುವುದಿಲ್ಲ.

ಆಟೋಪೇ ಹಾಕುವಾಗ ಒಂದು ನಿಮಿಷ ನಿಂತು ನೋಡಿ. ಅಲ್ಲಿ 'ಪೂರ್ತಿ ಬಾಕಿ', 'ಮಿನಿಮಮ್ ಡ್ಯೂ' ಎಂದು ಎರಡು ಆಯ್ಕೆ ಇರುತ್ತವೆ. ಮಿನಿಮಮ್‌ಗೆ ಟಿಕ್ ಬಿದ್ದಿದ್ದನ್ನು ಗಮನಿಸದೆ, ಎಲ್ಲ ಸರಿಯಾಗಿ ಹೋಗುತ್ತಿದೆ ಎಂದು ತಿಂಗಳುಗಟ್ಟಲೆ ಬಡ್ಡಿ ಕಟ್ಟುವವರು ಬಹಳ. ಖಾತೆಯಲ್ಲಿ ಹಣವಿಲ್ಲದೆ ಆಟೋಪೇ ಬೌನ್ಸ್ ಆದರೂ ತಡವಾದ ಲೆಕ್ಕವೇ.

ಬಳಕೆ, ಅಂದರೆ ಮಿತಿಯಲ್ಲಿ ಬಾಕಿಯ ಪಾಲು, 30% ಒಳಗಿರಲಿ, 10% ಒಳಗಿದ್ದರೆ ಇನ್ನೂ ಒಳ್ಳೆಯದು. ಯಾವುದೋ ತಿಂಗಳು ಖರ್ಚು ಜಾಸ್ತಿಯಾಯಿತೇ? ಬಿಲ್ ಜನರೇಟ್ ಆಗುವ ಎರಡು ಮೂರು ದಿನ ಮುಂಚೆಯೇ ಒಂದಿಷ್ಟು ಕಟ್ಟಿಬಿಡಿ, ಬ್ಯೂರೋಗೆ ಸಣ್ಣ ಬಾಕಿಯೇ ಹೋಗುತ್ತದೆ. ಅಮೆರಿಕದ ಫೈಕೊ ಸ್ಕೋರಿನಲ್ಲಿ ಸಮಯಕ್ಕೆ ಕಟ್ಟಿದ ದಾಖಲೆಗೆ 35%, ಬಾಕಿಯ ಪ್ರಮಾಣಕ್ಕೆ 30% ತೂಕ. ಬೇರೆ ಕಡೆ ಲೆಕ್ಕ ಸ್ವಲ್ಪ ಬೇರೆ ಇದ್ದೀತು, ಮುಖ್ಯವಾಗುವುದು ಮಾತ್ರ ಇವೇ ಎರಡು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸ್ಕೋರ್ ಚೇತರಿಸಿಕೊಂಡ ಖುಷಿಯಲ್ಲಿ ಹಳೇ ಕಾರ್ಡ್ ಮುಚ್ಚಲು ಹೊರಡಬೇಡಿ. ತಲಾ 50,000 ಮಿತಿಯ ಎರಡು ಕಾರ್ಡ್ ಇದ್ದು ಒಟ್ಟು 20,000 ಬಾಕಿ ಇದ್ದರೆ ಬಳಕೆ 20%. ಒಂದನ್ನು ಮುಚ್ಚಿದ ದಿನವೇ ಅದು 40%, ನೀವು ಹೊಸದಾಗಿ ಏನನ್ನೂ ಕೊಳ್ಳದಿದ್ದರೂ. ವಾರ್ಷಿಕ ಶುಲ್ಕ ಭಾರವಾದರೆ ಅದೇ ಖಾತೆಯನ್ನು ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡುತ್ತಾರೆಯೇ ಕೇಳಿ. ಮುಚ್ಚಲೇಬೇಕಿದ್ದರೆ ಬಾಕಿಯನ್ನೆಲ್ಲ ಸೊನ್ನೆ ಮಾಡಿಕೊಂಡ ಮೇಲೆ ಮುಚ್ಚಿ.