ಬಸ್ಟರ್ ಕೀಟನ್‌ನ ‘ದಿ ಜನರಲ್’: ನಗೆಯ ಸನ್ನಿವೇಶವನ್ನು ಬಿಡಿಸಿ ನೋಡುವುದು

ಮೂಕಿ ಕಾಲದ ಹಾಸ್ಯಚಿತ್ರಗಳ ಅಧ್ಯಯನವನ್ನು ಹೆಚ್ಚಿನವರು ಚಾಪ್ಲಿನ್‌ನಿಂದ ಆರಂಭಿಸುತ್ತಾರೆ. ಅದು ಸರಿಯೇ. ಆದರೆ ನಗೆಯ ಸನ್ನಿವೇಶವೊಂದನ್ನು ಹೇಗೆ ಕಟ್ಟಲಾಗುತ್ತದೆ ಎಂದು ತಿಳಿಯಲು ಬಸ್ಟರ್ ಕೀಟನ್‌ನ ‘ದಿ ಜನರಲ್’ ಚಿತ್ರಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ಚಾಪ್ಲಿನ್‌ನ ಚಿತ್ರದಲ್ಲಿ ನಮ್ಮ ಕಣ್ಣು ಅವನ ಮುಖವನ್ನು ಹುಡುಕುತ್ತದೆ. ಕೀಟನ್‌ನ ಚಿತ್ರದಲ್ಲಿ ಅದು ಚೌಕಟ್ಟಿನ ಅಂಚಿನಿಂದ ಅಂಚಿಗೆ ಓಡಾಡುತ್ತದೆ, ಏಕೆಂದರೆ ಅಪಾಯ ಯಾವ ಮೂಲೆಯಿಂದಲಾದರೂ ಬರಬಹುದು.

ಮೊದಲು ಹಿನ್ನೆಲೆ. ಕಥೆಗೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದ ಒಂದು ನಿಜ ಘಟನೆಯೇ ಆಧಾರ. 1862ರ ಏಪ್ರಿಲ್ 12ರಂದು ಜೇಮ್ಸ್ ಆಂಡ್ರ್ಯೂಸ್ ನೇತೃತ್ವದ ಉತ್ತರ ಪಕ್ಷದ ತಂಡವೊಂದು ಜಾರ್ಜಿಯಾದ ಬಿಗ್ ಶಾಂಟಿ ಎಂಬಲ್ಲಿ ‘ಜನರಲ್’ ಹೆಸರಿನ ರೈಲು ಎಂಜಿನ್ನನ್ನು ಕದ್ದು ಉತ್ತರಕ್ಕೆ ಓಡಿಸಿತು. ಟೆಲಿಗ್ರಾಫ್ ತಂತಿ ಕತ್ತರಿಸಿ, ಹಳಿ ಕಿತ್ತು, ದಕ್ಷಿಣದ ಸೇನೆಯ ಸಂಪರ್ಕವನ್ನೇ ಮುರಿಯುವುದು ಅವರ ಉದ್ದೇಶವಾಗಿತ್ತು. ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ಮೊದಲು ಕಾಲ್ನಡಿಗೆಯಲ್ಲಿ, ಆಮೇಲೆ ಸಿಕ್ಕ ಎಂಜಿನ್ನುಗಳಲ್ಲಿ ಬೆನ್ನಟ್ಟಿದ. ಸಿಕ್ಕಿಬಿದ್ದವರಲ್ಲಿ ಆಂಡ್ರ್ಯೂಸ್ ಸೇರಿ ಎಂಟು ಮಂದಿಯನ್ನು ಗಲ್ಲಿಗೇರಿಸಲಾಯಿತು.

ಕೀಟನ್ ಈ ಕಥೆಯನ್ನು ದಕ್ಷಿಣದ ಕಡೆಯಿಂದ ಹೇಳಿದ. ಯುದ್ಧದಲ್ಲಿ ಸೋತ ದಕ್ಷಿಣದವರನ್ನೇ ಖಳರನ್ನಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಆದರೆ ದಕ್ಷಿಣದ ಪಕ್ಷ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡುತ್ತಿತ್ತು ಎಂಬ ಸತ್ಯವನ್ನು ಚಿತ್ರ ಎಲ್ಲಿಯೂ ಮುಟ್ಟುವುದಿಲ್ಲ. ಚಿತ್ರದ ಕಟ್ಟುವಿಕೆಯ ಚೆಲುವನ್ನು ಎಷ್ಟೇ ಮೆಚ್ಚಿದರೂ ಈ ಮೌನವನ್ನು ನಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಲೇಬೇಕು.

ಕಥೆಯ ಹಂದರ ಸರಳ. ಎಂಜಿನ್ ಚಾಲಕ ಜಾನಿ ಗ್ರೇಯನ್ನು (ಈ ಪಾತ್ರ ಕೀಟನ್‌ನದೇ) ಸೇನೆ ಸೇರಿಸಿಕೊಳ್ಳುವುದಿಲ್ಲ, ಚಾಲಕನಾಗಿಯೇ ಅವನು ಹೆಚ್ಚು ಉಪಯುಕ್ತ ಎಂದು. ಈ ಕಾರಣವನ್ನು ಅವನಿಗೆ ಯಾರೂ ಹೇಳುವುದಿಲ್ಲ. ಅವನು ಪ್ರೀತಿಸುವ ಆನಬೆಲ್ ಅವನನ್ನು ಹೇಡಿ ಎಂದುಕೊಳ್ಳುತ್ತಾಳೆ. ಮುಂದೆ ಎಂಜಿನ್ ಕಳವಾಗುತ್ತದೆ, ಅದರಲ್ಲಿ ಅವಳೂ ಇದ್ದಾಳೆ. ಮೊದಲ ಅರ್ಧದಲ್ಲಿ ಜಾನಿ ಉತ್ತರಕ್ಕೆ ಬೆನ್ನಟ್ಟುತ್ತಾನೆ. ಎರಡನೆಯ ಅರ್ಧದಲ್ಲಿ ಅದೇ ಹಳಿಯ ಮೇಲೆ ದಕ್ಷಿಣಕ್ಕೆ ಓಡುತ್ತಾನೆ, ಶತ್ರುಗಳು ಬೆನ್ನಟ್ಟುತ್ತಾರೆ. ಹೋಗುವಾಗ ಅವನ ಮೇಲೆ ಪ್ರಯೋಗವಾದ ಉಪಾಯಗಳು ಬರುವಾಗ ಅವನ ಕೈಗೆ ಬರುತ್ತವೆ. ಎರಡೂ ಅರ್ಧಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಜೋಡಿಗಳು ಒಂದೊಂದಾಗಿ ಎದ್ದು ಕಾಣುತ್ತವೆ.

ಈಗ ಫಿರಂಗಿಯ ಸನ್ನಿವೇಶಕ್ಕೆ ಬರೋಣ. ಇದನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಜಾನಿ ಬೆನ್ನಟ್ಟಲು ಹಿಡಿದ ಇನ್ನೊಂದು ಎಂಜಿನ್ನಿನ ಹಿಂದೆ ಫಿರಂಗಿಯ ಬಂಡಿಯೊಂದನ್ನು ಜೋಡಿಸಿಕೊಂಡಿದ್ದಾನೆ. ಮೊದಲ ಸಲ ಚಿಟಿಕೆಯಷ್ಟು ಮದ್ದು ಹಾಕುತ್ತಾನೆ. ಗುಂಡು ಮೆಲ್ಲನೆ ಹಾರಿ ಅವನ ಎಂಜಿನ್ನಿನೊಳಗೇ ಬೀಳುತ್ತದೆ. ಎರಡನೆಯ ಸಲ ಡಬ್ಬಿಯಲ್ಲಿದ್ದ ಮದ್ದನ್ನೆಲ್ಲ ಸುರಿಯುತ್ತಾನೆ. ಬತ್ತಿ ಹೊತ್ತಿಸಿ ಎಂಜಿನ್ನಿನ ಕಡೆಗೆ ಮರಳುವಾಗ ಬಂಡಿಯ ಕೊಂಡಿ ಕಳಚುತ್ತದೆ. ಕುಲುಕಾಟಕ್ಕೆ ಫಿರಂಗಿಯ ಬಾಯಿ ಇಂಚಿಂಚಾಗಿ ಕೆಳಗಿಳಿದು ಅವನಿಗೇ ಗುರಿಯಾಗಿ ನಿಲ್ಲುತ್ತದೆ. ಅವನು ಒಂದು ಕಟ್ಟಿಗೆ ಎಸೆದು ನೋಡುತ್ತಾನೆ, ಪ್ರಯೋಜನವಿಲ್ಲ. ಎಂಜಿನ್ನಿನ ಮುಂಭಾಗಕ್ಕೆ ಓಡಿ ಅಡಗುತ್ತಾನೆ. ಅಷ್ಟರಲ್ಲಿ ಹಳಿ ತಿರುವಿಗೆ ಬರುತ್ತದೆ. ಜಾನಿಯ ಎಂಜಿನ್ ತಿರುಗಿ ಪಕ್ಕಕ್ಕೆ ಸರಿದ ಕ್ಷಣದಲ್ಲೇ ಫಿರಂಗಿ ಸಿಡಿಯುತ್ತದೆ. ಗುಂಡು ನೇರವಾಗಿ ಹೋಗಿ ಮುಂದಿನ ಕಳ್ಳರ ರೈಲಿನ ಹತ್ತಿರ ಸ್ಫೋಟಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಮಾಹಿತಿಯ ಹಂಚಿಕೆ. ಮೊದಲ ಗುಂಡು ವಿಫಲವಾದಾಗ ನಮಗೆ ಮದ್ದಿನ ಅಳತೆ ತಿಳಿಯಿತು, ಹಾಗಾಗಿ ಎರಡನೆಯದು ಎಷ್ಟು ಭೀಕರವೆಂದು ಯಾರೂ ಹೇಳಬೇಕಾಗಿಲ್ಲ. ಫಿರಂಗಿ, ಎಂಜಿನ್, ತಿರುವು ಮೂರರ ಅಂತರವೂ ನಮ್ಮ ಕಣ್ಣಿಗೆ ಬೀಳುವ ಹಾಗೆ ಕ್ಯಾಮೆರಾ ದೂರ ನಿಂತಿದೆ. ಸನ್ನಿವೇಶವನ್ನು ಬಿಗಿಯಾದ ತುಣುಕುಗಳಾಗಿ ಕತ್ತರಿಸಿದ್ದರೆ ಅದು ಸಂಕಲನಕಾರನ ಚಮತ್ಕಾರವಾಗುತ್ತಿತ್ತು. ಜಾಗ ಪೂರ್ತಿ ಕಾಣುವುದರಿಂದ ಅದು ಹಳಿ ಮತ್ತು ವೇಗದ ಲೆಕ್ಕವಾಗಿಯೇ ಉಳಿದಿದೆ. ಕೀಟನ್‌ನ ನಗೆಯ ಮೂಲ ಇದೇ ಎಂದು ನಾನು ನಂಬುತ್ತೇನೆ: ಪ್ರಕೃತಿಯ ನಿಯಮಗಳು ಪ್ರಾಮಾಣಿಕವಾಗಿ ಕೆಲಸ ಮಾಡುತ್ತವೆ, ಮನುಷ್ಯ ಅವುಗಳ ನಡುವೆ ಸಿಕ್ಕಿಕೊಂಡಿದ್ದಾನೆ.

ಹಳಿಯ ಮೇಲೆ ಬಿದ್ದ ಮರದ ದಿಮ್ಮಿಗಳ ದೃಶ್ಯವೂ ಹೀಗೆಯೇ. ಚಲಿಸುವ ಎಂಜಿನ್ನಿನ ಮೂತಿಯ ಮೇಲೆ ಕುಳಿತ ಜಾನಿ ಕೈಯಲ್ಲಿದ್ದ ದಿಮ್ಮಿಯನ್ನು ಮುಂದಿನ ದಿಮ್ಮಿಯ ತುದಿಗೆ ಎಸೆಯುತ್ತಾನೆ, ಎರಡೂ ಚಿಮ್ಮಿ ಹೊರಗೆ ಬೀಳುತ್ತವೆ. ಗುರಿ ತಪ್ಪಿದ್ದರೆ ಎಂಜಿನ್ ಹಳಿ ತಪ್ಪಬಹುದಿತ್ತು. ಅದಕ್ಕಿಂತ ಮೊದಲು, ದುಃಖದಲ್ಲಿ ಅವನು ಚಕ್ರಗಳನ್ನು ಜೋಡಿಸುವ ಉಕ್ಕಿನ ದಂಡದ ಮೇಲೆ ಕುಳಿತಿರುವಾಗ ಎಂಜಿನ್ ಹೊರಟು, ಅವನನ್ನು ಮೇಲೆ ಕೆಳಗೆ ತೂಗುತ್ತಾ ಷೆಡ್ಡಿನೊಳಗೆ ಒಯ್ಯುತ್ತದೆ. ಚಕ್ರ ಜಾರಿ ಗಿರ್ರನೆ ತಿರುಗಿದ್ದರೆ ಪ್ರಾಣಕ್ಕೇ ಸಂಚಕಾರ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ದೃಶ್ಯವೇ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ದುಃಖ ಪೂರ್ತಿ ತಲುಪುತ್ತದೆ.

ಚಿತ್ರೀಕರಣ ನಡೆದದ್ದು ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಸುತ್ತಮುತ್ತ. ಸಹನಿರ್ದೇಶಕ ಕ್ಲೈಡ್ ಬ್ರಕ್‌ಮನ್. 1926ರ ಜುಲೈ 23ರಂದು ಉರಿಯುವ ಸೇತುವೆಯ ಮೇಲಿಂದ ನಿಜವಾದ ಎಂಜಿನ್ನನ್ನೇ ನದಿಗೆ ಬೀಳಿಸಲಾಯಿತು. ಮತ್ತೊಮ್ಮೆ ತೆಗೆಯುವ ಅವಕಾಶವೇ ಇರಲಿಲ್ಲ. ಆ ಒಂದು ಶಾಟ್‌ಗೆ 42,000 ಡಾಲರ್ ತಗಲಿತೆಂದು ಹೇಳುತ್ತಾರೆ. ಎಂಜಿನ್ನಿನ ಅವಶೇಷ ವರ್ಷಗಟ್ಟಲೆ ಅಲ್ಲಿಯೇ ಬಿದ್ದಿತ್ತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಹೋಯಿತು.

1927ರಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ವಿಮರ್ಶಕರು ತಣ್ಣಗೆ ಸ್ವೀಕರಿಸಿದರು, ಹಣವೂ ಬರಲಿಲ್ಲ. 1928ರಲ್ಲಿ ಕೀಟನ್ ಎಂಜಿಎಂ ಎಂಬ ದೊಡ್ಡ ಚಿತ್ರನಿರ್ಮಾಣ ಸಂಸ್ಥೆಗೆ ಸೇರಿದ, ಅಲ್ಲಿ ತನ್ನ ಇಷ್ಟದಂತೆ ಚಿತ್ರ ಮಾಡುವ ಸ್ವಾತಂತ್ರ್ಯ ಕಳೆದುಕೊಂಡ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಯ ಮೊದಲ 25 ಚಿತ್ರಗಳ ಪಟ್ಟಿಯಲ್ಲಿ ‘ದಿ ಜನರಲ್’ ಸೇರಿತು. ಆಗ ಅದನ್ನು ನೋಡಲು ಕೀಟನ್ ಇರಲಿಲ್ಲ. ಅವನು 1966ರಲ್ಲೇ ತೀರಿಕೊಂಡಿದ್ದ.

ನೋಡುವ ಕ್ರಮದ ಬಗ್ಗೆ ಒಂದು ಸಲಹೆ. ಚಿತ್ರದ ಬೇರೆ ಬೇರೆ ಪ್ರತಿಗಳಿಗೆ ಬೇರೆ ಬೇರೆ ಸಂಗೀತವಿದೆ; ಕಾರ್ಲ್ ಡೇವಿಸ್ ಮತ್ತು ಜೋ ಹಿಸಾಯಿಶಿ ಇಬ್ಬರೂ ಇದಕ್ಕೆ ಸಂಗೀತ ಬರೆದಿದ್ದಾರೆ. ಸಂಗೀತ ನಮಗೆ ಎಲ್ಲಿ ನಗಬೇಕೆಂದು ಮೊದಲೇ ಸೂಚಿಸಿಬಿಡುತ್ತದೆ, ಆದ್ದರಿಂದ ಅಧ್ಯಯನಕ್ಕಾಗಿ ಒಮ್ಮೆ ಧ್ವನಿ ನಿಲ್ಲಿಸಿಯೇ ನೋಡಿ. ಬಳಿಕ 1920ರ ‘ಒನ್ ವೀಕ್’ ಎಂಬ ಕಿರುಚಿತ್ರದ ಕೊನೆಯನ್ನು ಹೋಲಿಸಿ. ಹೊಸ ದಂಪತಿಯ ಮನೆ ರೈಲು ಹಳಿಯ ಮೇಲೆ ಸಿಕ್ಕಿಕೊಂಡಿದೆ. ರೈಲು ಬರುತ್ತದೆ, ಪಕ್ಕದ ಹಳಿಯ ಮೇಲೆ ಹಾದುಹೋಗುತ್ತದೆ, ನಾವು ಉಸಿರು ಬಿಡುತ್ತೇವೆ. ಆಗ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿ ಮಾಡುತ್ತದೆ. ಫಿರಂಗಿಯ ದೃಶ್ಯದಲ್ಲಿ ನಮಗೆ ಎಲ್ಲವೂ ಮೊದಲೇ ಗೊತ್ತಿತ್ತು. ಇಲ್ಲಿ ಚೌಕಟ್ಟಿನ ಅಂಚು ಎರಡನೆಯ ರೈಲನ್ನು ನಮ್ಮಿಂದಲೂ ಮರೆಮಾಡಿತ್ತು.