ಎರಡು ಸಾವಿರ ರೂಪಾಯಿಗೆ ಒಂದು ಕಾರ್ಡೇ, ಹದಿನೈದು ಕಾರ್ಡೇ?

ಪ್ರಶ್ನೆ: ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಕಮಾಂಡರ್ ಪ್ರಕಾರಕ್ಕೆಂದು ಸಿದ್ಧ ಡೆಕ್ (ಕಾರ್ಡ್‌ಗಳ ಕಟ್ಟು) ಒಂದನ್ನು ಕೊಂಡಿದ್ದೇನೆ. ಭಾನುವಾರ ಜಯನಗರದಲ್ಲಿ ಸ್ನೇಹಿತನ ಮನೆಯಲ್ಲಿ ನಾಲ್ವರು ಕೂತು ಆಡುತ್ತೇವೆ. ಉಳಿದ ಮೂವರು ವರ್ಷಗಳಿಂದ ಕಾರ್ಡ್ ಕೂಡಿಸಿಕೊಂಡು ಬಂದವರು. ನಾನು ಪ್ರತಿ ವಾರ ಸೋಲುತ್ತೇನೆ. ಕೈಯಲ್ಲಿ ಎರಡು ಸಾವಿರ ರೂಪಾಯಿ ಇದೆ. ಎಲ್ಲರೂ ಹೊಗಳುವ ಒಂದು ದುಬಾರಿ ಕಾರ್ಡ್ ಕೊಳ್ಳಲೇ, ಇಲ್ಲ ಅಗ್ಗದ ಕಾರ್ಡ್‌ಗಳನ್ನೇ ಒಂದಿಷ್ಟು ಕೊಳ್ಳಲೇ?

ಅಗ್ಗದವನ್ನೇ ಕೊಳ್ಳಿ. ಯಾಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿಮ್ಮ ಡೆಕ್‌ನಲ್ಲಿ 100 ಕಾರ್ಡ್‌ಗಳಿವೆ. ಮಾನಾ, ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಶಕ್ತಿ, ಕೊಡುವ ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಒಂದೇ ಕಾರ್ಡ್ ಎರಡು ಸಲ ಇರುವಂತಿಲ್ಲ. ಡೆಕ್‌ನ ನಾಯಕನಾದ ಕಮಾಂಡರ್ ಕಾರ್ಡ್ ಹೊರಗೆ ಕೂರುತ್ತದೆ, ಉಳಿದ 99ನ್ನು ಕಲಸಿ ಇಡುತ್ತೀರಿ. ಮೊದಲು ಕೈಗೆ 7, ಆಮೇಲೆ ಸರದಿಗೊಂದು. ಹತ್ತು ಸರದಿ ಮುಗಿಯುವ ಹೊತ್ತಿಗೆ ನಿಮ್ಮ ಕಣ್ಣಿಗೆ ಬಿದ್ದಿರುವುದು 17 ಕಾರ್ಡ್. ನೀವು ಆಸೆಪಟ್ಟು ಕೊಂಡ ಆ ಒಂದು ಕಾರ್ಡ್ ಈ ಹದಿನೇಳರಲ್ಲಿ ಇರುವುದು ಸುಮಾರು ಆರು ಆಟಗಳಲ್ಲಿ ಒಂದು ಸಲ. ವಾರಕ್ಕೊಂದು ಆಟವಾದರೆ ಒಂದೂವರೆ ತಿಂಗಳಿಗೊಮ್ಮೆ ಅದರ ಮುಖ ನೋಡುತ್ತೀರಿ. ಅದೇ ಹಣಕ್ಕೆ ಹದಿನೈದು ಒಳ್ಳೆಯ ಕಾರ್ಡ್ ಬಂದರೆ ಪ್ರತಿ ಭಾನುವಾರವೂ ಅವುಗಳಲ್ಲಿ ಎರಡೋ ಮೂರೋ ಕೈಗೆ ಬರುತ್ತವೆ.

ಸದಾ ಕೈಗೆಟಕುವ ಕಾರ್ಡ್ ಒಂದೇ ಒಂದು, ಅದು ಕಮಾಂಡರ್. ಸತ್ತರೂ ಪ್ರತಿ ಸಲ ಎರಡು ಮಾನಾ ಹೆಚ್ಚು ಕೊಟ್ಟು ಮತ್ತೆ ಕರೆಸಬಹುದು. ಆದ್ದರಿಂದ ಒಂದೇ ಕಾರ್ಡ್‌ಗೆ ಹಣ ಹಾಕಲೇಬೇಕೆಂದಿದ್ದರೆ ಅದು ಕಮಾಂಡರ್ ಆಗಿರಲಿ ಎನ್ನುತ್ತೇನೆ.

ದುಬಾರಿ ಕಾರ್ಡ್‌ಗೆ ಇನ್ನೊಂದು ಅಪಾಯವಿದೆ. 2024ರ ಸೆಪ್ಟೆಂಬರ್‌ನಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಸೇರಿ ನಾಲ್ಕು ಕಾರ್ಡ್‌ಗಳನ್ನು ಕಮಾಂಡರ್ ಆಟದಲ್ಲಿ ನಿಷೇಧಿಸಿದರು. ಸಾವಿರಾರು ರೂಪಾಯಿ ಕೊಟ್ಟು ಅವನ್ನು ಕೊಂಡವರ ಕೈಯಲ್ಲಿ ಆಡಲಾಗದ ಕಾಗದ ಉಳಿಯಿತು. ಬೆಟ್ಟದ ಚಿತ್ರವಿರುವ ಮೂಲ ಲ್ಯಾಂಡ್ ಅನ್ನು ಯಾರೂ ನಿಷೇಧಿಸುವುದಿಲ್ಲ.

ಲ್ಯಾಂಡ್‌ಗಳ ಮಾತು ಬಂದಿತಾದ್ದರಿಂದ ಅಲ್ಲಿಂದಲೇ ಶುರುಮಾಡೋಣ. ಸೋಲಿಗೆ ಕಾರಣ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ ಎಂಬುದು ನನ್ನ ಅನುಭವ. ನಾಲ್ಕು ವರ್ಷಗಳ ಹಿಂದೆ ನಾನು ದಾಳಿ ಮಾಡುವ ದೊಡ್ಡ ದೊಡ್ಡ ಜೀವಿಗಳ ಕಾರ್ಡ್‌ಗಳಿಗೆ ಜಾಗ ಮಾಡಲು 37 ಲ್ಯಾಂಡ್‌ಗಳನ್ನು 32ಕ್ಕೆ ಇಳಿಸಿದೆ. ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ, ಐದು ಸರದಿ ಎರಡೇ ಲ್ಯಾಂಡ್ ಇಟ್ಟುಕೊಂಡು ಕೂತಿದ್ದೆ. ಕೈಯಲ್ಲಿ ಏಳು ಮಾನಾದ ಎರಡು ಡ್ರ್ಯಾಗನ್, ಆರು ಮಾನಾದ ಒಂದು ದೈತ್ಯ. ಉಳಿದವರು ಆಟ ಆಡುತ್ತಿದ್ದರು, ನಾನು ಕಾರ್ಡ್ ಎಳೆದು ಒಂದನ್ನು ಬಿಸಾಡುತ್ತಿದ್ದೆ. ಮನೆಗೆ ಬಂದು ಅಂದೇ ರಾತ್ರಿ ಐದು ಲ್ಯಾಂಡ್ ವಾಪಸ್ ಹಾಕಿದೆ. ಅವುಗಳ ಖರ್ಚು ಸೊನ್ನೆ, ಡಬ್ಬದಲ್ಲೇ ಬಿದ್ದಿದ್ದವು.

ಸಿದ್ಧ ಡೆಕ್‌ಗಳಲ್ಲಿ ಲ್ಯಾಂಡ್‌ಗಳ ಸಂಖ್ಯೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತೊಂದರೆ ಬೇರೆ ಕಡೆ ಇದೆ: ಹಲವು ಲ್ಯಾಂಡ್‌ಗಳು ಮೇಜಿಗೆ ಬರುವಾಗಲೇ ಮಲಗಿ, ಅಂದರೆ ಆಗಲೇ ಬಳಸಿದ ಕಾರ್ಡ್‌ನಂತೆ ಅಡ್ಡ ತಿರುಗಿ ಬರುತ್ತವೆ, ಆ ಸರದಿಯಲ್ಲಿ ಮಾನಾ ಕೊಡುವುದಿಲ್ಲ. ಮಾನಾಕ್ಕೂ ಕಾರ್ಡ್‌ಗಳಿಗೂ ಬಣ್ಣಗಳಿವೆ; ನಿಮ್ಮ ಡೆಕ್ ಎರಡೇ ಬಣ್ಣದ್ದಾದರೆ ಇಂಥವುಗಳಲ್ಲಿ ನಾಲ್ಕೈದನ್ನು ತೆಗೆದು ಮೂಲ ಲ್ಯಾಂಡ್ ಹಾಕಿ. ಒಂದು ರೂಪಾಯಿಯೂ ಖರ್ಚಾಗದೆ ಡೆಕ್ ಚುರುಕಾಗುತ್ತದೆ. ಮೂರು ಬಣ್ಣವಾದರೆ ಇದನ್ನು ಮಾಡಬೇಡಿ, ಬೇಕಾದ ಬಣ್ಣವೇ ಸಿಗದೆ ಒದ್ದಾಡುತ್ತೀರಿ.

ಆಮೇಲೆ ಮಾನಾ ಬೇಗ ಹೆಚ್ಚಿಸುವ ಕಾರ್ಡ್‌ಗಳು. ಸೋಲ್ ರಿಂಗ್ ನಿಮ್ಮ ಡೆಕ್‌ನಲ್ಲಿ ಬಹುತೇಕ ಇದ್ದೇ ಇರುತ್ತದೆ. ಅದರ ಜೊತೆಗೆ ಆರ್ಕೇನ್ ಸಿಗ್ನೆಟ್, ಮೈಂಡ್ ಸ್ಟೋನ್, ಫೆಲ್ವಾರ್ ಸ್ಟೋನ್, ಹಸಿರು ಬಣ್ಣವಿದ್ದರೆ ಕಲ್ಟಿವೇಟ್. ಇವೆಲ್ಲ ಮತ್ತೆ ಮತ್ತೆ ಮುದ್ರಣವಾದವು, ಹಾಗಾಗಿ ಅಗ್ಗ. ಇಂಥ ಕಾರ್ಡ್‌ಗಳು ಐದೇ ಇದ್ದರೆ ಮೊದಲ ಏಳು ಕಾರ್ಡ್‌ಗಳಲ್ಲಿ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 31. ಹತ್ತು ಇದ್ದರೆ 54. ಎರಡು ಸಾವಿರದಲ್ಲಿ ಮೊದಲ ಪಾಲು ಇಲ್ಲಿಗೆ ಹೋಗಲಿ, ಎರಡನೆಯದು ಹೊಸ ಕಾರ್ಡ್ ಎಳೆಸುವ ಕಾರ್ಡ್‌ಗಳಿಗೆ. ಕಪ್ಪಿನಲ್ಲಿ ನೈಟ್ಸ್ ವಿಸ್ಪರ್, ಹಸಿರಿನಲ್ಲಿ ಹಾರ್ಮನೈಜ್ ಸಾಕು.

ಇನ್ನು ನಾಲ್ವರ ಮೇಜಿನ ಗುಟ್ಟಿಗೆ ಬರುತ್ತೇನೆ, ನನಗೆ ತುಂಬ ಪ್ರಿಯವಾದ ಭಾಗ ಇದು. ಮನೆಯಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡಿದವರಿಗೆ ಇದು ಹೊಸದಲ್ಲ. ಮೂರು ಕಾಯಿ ಹಣ್ಣು ಮಾಡಿಕೊಂಡು ಮುಂದೆ ಓಡುತ್ತಿರುವವನ ನಾಲ್ಕನೆಯ ಕಾಯಿಯ ಮೇಲೆ ಉಳಿದ ಮೂವರ ಕಣ್ಣು. ಹಿಂದೆ ಉಳಿದವನನ್ನು ಯಾರೂ ಹೊಡೆಯಲು ಹೋಗುವುದಿಲ್ಲ. ಕಮಾಂಡರ್ ಮೇಜಿನಲ್ಲೂ ಅಷ್ಟೇ. ದುಬಾರಿ ಕಾರ್ಡ್ ಮೇಜಿಗೆ ಬಿದ್ದ ಕೂಡಲೇ ಮೂವರೂ ಅದರ ಕಡೆ ತಿರುಗುತ್ತಾರೆ. ಸಾಮಾನ್ಯವಾಗಿ ಕಾಣುವ ನಿಮ್ಮ ಡೆಕ್‌ಗೆ ಬೆಳೆಯಲು ಪುರಸೊತ್ತು ಸಿಗುತ್ತದೆ.

ಪ್ರತಿಯೊಬ್ಬರಿಗೂ 40 ಲೈಫ್ (ಅದು ಸೊನ್ನೆಯಾದವನು ಸೋತ), ಅಂದರೆ ನಿಮ್ಮ ಮುಂದೆ ಒಟ್ಟು 120 ಲೈಫ್ ಇದೆ. ಒಬ್ಬನಿಗೆ ಮಾತ್ರ ಪೆಟ್ಟು ಕೊಡುವ ಕಾರ್ಡ್‌ಗಳಿಂದ ಇದನ್ನು ಕರಗಿಸಲು ಹೊರಟರೆ ಸಂಜೆಯೇ ಮುಗಿಯುತ್ತದೆ. ಆದ್ದರಿಂದ ಕಾರ್ಡ್ ಆರಿಸುವಾಗ ಅದರ ಮೇಲಿನ ಅಕ್ಷರಗಳಲ್ಲಿ ‘ಎದುರಾಳಿಗಳಲ್ಲಿ ಪ್ರತಿಯೊಬ್ಬರಿಗೂ’ ಎಂಬ ಅರ್ಥದ ಮಾತು ಇದೆಯೇ ಎಂದು ಹುಡುಕಿ. ಗ್ರೇ ಮರ್ಚೆಂಟ್ ಆಫ್ ಆಸ್ಫೋಡೆಲ್ ಐದು ಮಾನಾದ ಸಾಧಾರಣ ಕಾರ್ಡ್. ಮೇಜಿನಲ್ಲಿ ಬೇರೇನೂ ಇಲ್ಲದಿದ್ದರೂ ಅದು ಬಂದ ಕೂಡಲೇ ಮೂವರಿಗೂ ತಲಾ ಎರಡು ಲೈಫ್ ನಷ್ಟ, ನಿಮಗೆ ಆರು ಲಾಭ. ಇಬ್ಬರೇ ಆಡುವಾಗ ಇದೇ ಕಾರ್ಡ್‌ನಿಂದ ಎರಡು ಮಾತ್ರ.

ನನ್ನ ಮೆಚ್ಚಿನ ಉದಾಹರಣೆ ‘ಕ್ರೆಂಕೊ, ಮಾಬ್ ಬಾಸ್’ ಎಂಬ ಗಾಬ್ಲಿನ್ (ಕುಳ್ಳ ಪಿಶಾಚಿಯಂಥ ಜೀವಿ) ಕಾರ್ಡ್. ಅದನ್ನು ಕಮಾಂಡರ್ ಮಾಡಿ ಕಟ್ಟಿದ ಡೆಕ್ ಪೂರ್ತಿ ಕೆಂಪು, ಆದ್ದರಿಂದ ಲ್ಯಾಂಡ್‌ಗಳ ಖರ್ಚೇ ಇಲ್ಲ, ಬರೀ ಬೆಟ್ಟಗಳು. ಕ್ರೆಂಕೊವನ್ನು ಅಡ್ಡ ತಿರುಗಿಸಿದರೆ ನಿಮ್ಮ ಬಳಿ ಎಷ್ಟು ಗಾಬ್ಲಿನ್ ಇವೆಯೋ ಅಷ್ಟೇ ಹೊಸ ಗಾಬ್ಲಿನ್ ಹುಟ್ಟುತ್ತವೆ, ಕ್ರೆಂಕೊ ಕೂಡ ಲೆಕ್ಕಕ್ಕೆ ಸೇರಿ. ಪಕ್ಕದಲ್ಲಿ ಎರಡು ಮಾನಾದ ಇಂಪ್ಯಾಕ್ಟ್ ಟ್ರೆಮರ್ಸ್ ಇದ್ದರೆ ಹುಟ್ಟಿದ ಒಂದೊಂದು ಗಾಬ್ಲಿನ್‌ಗೂ ಮೂವರಿಗೂ ಒಂದೊಂದು ಪೆಟ್ಟು. ಮೊದಲ ಸರದಿಗೆ ಒಂದು, ಮರುಸರದಿಗೆ ಎರಡು, ಆಮೇಲೆ ನಾಲ್ಕು, ಎಂಟು. ನಾಲ್ಕು ಸರದಿಯಲ್ಲಿ ತಲಾ 15, ಒಟ್ಟು 45. ಗಾಬ್ಲಿನ್‌ಗಳು ದಾಳಿಗೆ ಹೋಗಲೂ ಇಲ್ಲ. ಮೂರನೆಯ ಸಲ ತಿರುಗಿಸಿದಾಗ ಎದುರು ಕೂತವರು ಬೆರಳು ಮಡಿಸಿ ಎಣಿಸಲು ಶುರುಮಾಡುತ್ತಾರೆ, ಆ ಕ್ಷಣಕ್ಕಾಗಿಯೇ ನಾನು ಈ ಡೆಕ್ ಅನ್ನು ಇಂದಿಗೂ ಕಳಚಿಲ್ಲ.

ಎದುರಾಳಿಯ ಒಂದು ಜೀವಿಯನ್ನು ತೆಗೆಯುವ ಕಾರ್ಡ್‌ಗಳೂ ಬೇಕು. ಆದರೆ ಅದನ್ನು ಬಳಸಿದಾಗ ನಿಮ್ಮದೊಂದು, ಅವನದೊಂದು ಹೋಗುತ್ತದೆ. ಸುಮ್ಮನೆ ಕೂತ ಇಬ್ಬರಿಗೆ ಲಾಭ. ಬಿಳಿಯಲ್ಲಿ ಸ್ವೋರ್ಡ್ಸ್ ಟು ಪ್ಲೌಷೇರ್ಸ್‌ನಂಥ ಒಂದೇ ಮಾನಾದ ಕಾರ್ಡ್‌ಗಳನ್ನು ನಿಜವಾದ ಅಪಾಯಕ್ಕೆ ಕಾಯ್ದಿರಿಸಿ. ಕೆಂಪು ಇದ್ದರೆ ಬ್ಲಾಸ್ಫೆಮಸ್ ಆ್ಯಕ್ಟ್ ಖಂಡಿತ ಇರಲಿ. ಅದರ ಬೆಲೆ 9 ಮಾನಾ ಎಂದು ಬರೆದಿದ್ದರೂ ಮೇಜಿನ ಮೇಲಿನ ಒಂದೊಂದು ಜೀವಿಗೂ ಒಂದು ಮಾನಾ ಕಡಿಮೆಯಾಗುತ್ತದೆ. ನಾಲ್ವರ ಮೇಜಿನಲ್ಲಿ ಎಂಟು ಜೀವಿ ಇರುವುದು ದಿನನಿತ್ಯದ ಮಾತು. ಆಗ ಒಂದೇ ಕೆಂಪು ಮಾನಾಕ್ಕೆ ಎಲ್ಲ ಜೀವಿಗಳ ಮೇಲೂ 13 ಪೆಟ್ಟು.

ಹೊಸ ಕಾರ್ಡ್‌ಗಳಿಗೆ ಜಾಗ ಮಾಡಲು ಡೆಕ್‌ನಿಂದ ಯಾವುದನ್ನು ತೆಗೆಯಬೇಕು ಎಂದು ಮುಂದಿನ ಪ್ರಶ್ನೆ ಬರುತ್ತದೆ. ನನ್ನ ಹತ್ತಿರ ಕಿಸೆಯಲ್ಲಿ ಹಿಡಿಯುವ ಒಂದು ಪುಟ್ಟ ಪುಸ್ತಕವಿದೆ. ಆಟ ಮುಗಿದಾಗ ಕೈಯಲ್ಲಿ ಉಳಿದ ಕಾರ್ಡ್‌ಗಳ ಹೆಸರನ್ನು ಅದರಲ್ಲಿ ಬರೆಯುತ್ತೇನೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಸಂಪಿಗೆ ರಸ್ತೆ ಬರುವಷ್ಟರಲ್ಲಿ ಬರೆದು ಮುಗಿದಿರುತ್ತದೆ. ಒಂದೇ ಹೆಸರು ಮೂರು ಸಲ ಬಂದರೆ ಆ ಕಾರ್ಡ್ ಹೊರಗೆ. ಸಿದ್ಧ ಡೆಕ್‌ಗಳಲ್ಲಿ ಎರಡು ಮೂರು ತಂತ್ರಗಳನ್ನು ಬೆರೆಸಿರುತ್ತಾರೆ, ಈ ಪಟ್ಟಿ ನೋಡಿದರೆ ನಿಮಗೆ ಒಗ್ಗದ ತಂತ್ರ ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಕಾಗದದ ಚೀಟಿಯ ಮೇಲೆ ಕಾರ್ಡ್‌ನ ಹೆಸರು, ಮಾನಾ, ಕೆಲಸ ಬರೆದು ಹಳೆಯ ಕಾರ್ಡ್‌ನ ಮುಂದೆ ಸ್ಲೀವ್ (ಕಾರ್ಡ್‌ನ ಪ್ಲಾಸ್ಟಿಕ್ ಹೊದಿಕೆ) ಒಳಗೆ ತೂರಿಸಿ, ಸ್ನೇಹಿತರಿಗೆ ಹೇಳಿ ಎರಡು ವಾರ ಆಡಿ. ಮನೆಯಾಟಕ್ಕೆ ಯಾರೂ ಬೇಡವೆನ್ನುವುದಿಲ್ಲ. ಅಧಿಕೃತ ಸ್ಪರ್ಧೆಗಳಲ್ಲಿ ಇದು ನಡೆಯುವುದಿಲ್ಲ. ನಿಮ್ಮ ಕಮಾಂಡರ್‌ನ ಬಣ್ಣಗಳ ಆಚೆಗಿನ ಕಾರ್ಡ್ ಹಾಕುವಂತಿಲ್ಲ ಎಂಬುದನ್ನೂ ಮರೆಯಬೇಡಿ.

ತರಿಸುವಾಗ ನಾಲ್ವರೂ ಸೇರಿ ಒಂದೇ ಪಾರ್ಸೆಲ್ ತರಿಸಿ. ಒಬ್ಬರೇ ಮೂರು ಚಿಲ್ಲರೆ ಕಾರ್ಡ್ ತರಿಸಿದರೆ ಕೊರಿಯರ್ ಖರ್ಚೇ ಕಾರ್ಡ್‌ಗಳ ಬೆಲೆಯನ್ನು ಮೀರುತ್ತದೆ. ಅದಕ್ಕೂ ಮೊದಲು ಆ ಮೂವರ ಅಟ್ಟದ ಡಬ್ಬಗಳನ್ನು ಕೇಳಿ ನೋಡಿ. ವರ್ಷಗಳಿಂದ ಕೂಡಿಸಿದವರ ಬಳಿ ಮೈಂಡ್ ಸ್ಟೋನ್, ಕಲ್ಟಿವೇಟ್‌ಗಳು ನಾಲ್ಕು ನಾಲ್ಕು ಬಿದ್ದಿರುತ್ತವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಹಾಗೆ ಉಳಿದ ಹಣದಲ್ಲಿ ನೂರು ಒಳ್ಳೆಯ ಸ್ಲೀವ್ ಕೊಳ್ಳಿ. ಮಳೆಗಾಲದ ತೇವಕ್ಕೆ ಹೊಳೆಯುವ ಫಾಯಿಲ್ ಕಾರ್ಡ್‌ಗಳು ಬಿಲ್ಲಿನಂತೆ ಬಾಗುತ್ತವೆ. ಬಾಗಿದ ಕಾರ್ಡ್ ಕಟ್ಟಿನಲ್ಲಿ ಎಲ್ಲಿದೆ ಎಂದು ಬದಿಯಿಂದಲೇ ಕಾಣುತ್ತದೆ. ಡೆಕ್ ಡಬ್ಬದೊಳಗೆ ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಹಾಕಿಡಿ.